ಪುಟ್ಟಬಸಮ್ಮ ಹೊಗೆ ಬಿಡಿಸಿದ್ದು

ಕೊಳ್ಳೇಗಾಲದ ನಮ್ಮ ಮಗ್ಗದ ಬೀದಿಯಲ್ಲಿ ಹುಟ್ಟಿದ ಕೂಸುಗಳಲ್ಲಿ ಮುಕ್ಕಾಲು ಪಾಲು ಪುಟ್ಟಬಸಮ್ಮನ ಕಾಲ ಮೇಲೆ ಮಲಗಿ ನೀರು ಹುಯ್ಯಿಸಿಕೊಂಡವು. ಮಣೆಯ ಮೇಲೆ ಕೂತು, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿ, ಎರಡು ಕಾಲನ್ನೂ ಜೋಡಿಸಿ ಮುಂದಕ್ಕೆ ಚಾಚಿದಳೆಂದರೆ ಸಾಕು, ಅಳುತ್ತಿದ್ದ ಕೂಸು ಆ ಕಾಲುಗಳ ನಡುವಿನ ತಗ್ಗಿನಲ್ಲಿ ಸುಮ್ಮನಾಗುತ್ತಿತ್ತು. ಎಣ್ಣೆ ಹಚ್ಚುವ ಮೊದಲು ಅವಳು ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಳ್ಳದೆ ಇರುತ್ತಿರಲಿಲ್ಲ. ಬಾಣಂತಿಯ ತಾಯಿ ಅವಸರ ಮಾಡಿದರೆ, "ತಣ್ಣನೆ ಕೈ ಇಟ್ರೆ ನೀವು ಬೆಚ್ಚಿ ಬೀಳಲ್ವಾ? ಅದೂ ಮನುಸಾನೇ ಕಣವ್ವ" ಎನ್ನುತ್ತಿದ್ದಳು.

ಅವಳ ಹುಟ್ಟೂರು ಯಳಂದೂರಿನ ಹತ್ತಿರ. ಕೊಟ್ಟದ್ದು ಹನೂರಿನ ಕಡೆ, ಶಾಗ್ಯಕ್ಕೆ. ಗಂಡ ಪುಟ್ಟಸಿದ್ದಯ್ಯ ಯಾವುದೋ ಜ್ವರ ಬಂದು ತೀರಿಕೊಂಡಾಗ ಮಗಳು ರೂಪ ಇನ್ನೂ ಅಂಬೆಗಾಲಿಡುತ್ತಿದ್ದಳು. ಮೈದುನಂದಿರು ಕೆಟ್ಟವರಲ್ಲ. ಮನೆಯಲ್ಲಿ ಒಂದು ಮೂಲೆ ಬಿಟ್ಟುಕೊಡುತ್ತೇವೆ, ಇದ್ದುಕೊಂಡಿರು ಎಂದರಂತೆ. "ಮೂಲೇಲಿ ಇರಕ್ಕೆ ನಾನೇನು ಪೊರಕೆಯಾ?" ಎಂದವಳೇ ಮಗಳನ್ನು ಕಂಕುಳಿಗೆ ಹಾಕಿಕೊಂಡು ಬಸ್ಸು ಹತ್ತಿದಳು. ಈ ಮಾತನ್ನು ಅವಳು ನನಗೆ ಹೇಳಿದ್ದು ನಮ್ಮ ಮನೆಯ ರಾಟೆಯ ಮುಂದೆ ಕೂತು. ಆಗ ನಮ್ಮವರು ಬದುಕಿದ್ದರು, ಮನೆಯಲ್ಲಿ ಮಗ್ಗ ಆಡುತ್ತಿತ್ತು, ಲಾಳಿಯೊಳಗೆ ಇಡುವ ಕಂಡಿಕೆಗೆ ರೇಷ್ಮೆ ನೂಲು ಸುತ್ತಿಕೊಡಲು ಒಬ್ಬರು ಬೇಕಾಗಿತ್ತು. ಕೆಲಸ ಕೇಳಿ ಬಂದ ದಿನ ಅವಳು ಉಟ್ಟಿದ್ದ ಹಸಿರು ಸೀರೆಯ ಸೆರಗು ಹರಿದಿತ್ತು. ಹರಿದ ಕಡೆಯನ್ನು ಒಳಗೆ ಮಡಿಸಿಕೊಂಡು ನಿಂತದ್ದು ಇವತ್ತಿಗೂ ನನ್ನ ಕಣ್ಣಲ್ಲಿದೆ.

ಒಂದು ಬೆಳಿಗ್ಗೆ ಪಕ್ಕದ ಮನೆಯಲ್ಲಿ ಕೂಸು ಕಿರುಚುತ್ತಿತ್ತು. ನೀರು ಹುಯ್ಯಲು ಬರುವ ಮುದುಕಿ ಅವತ್ತು ಬಂದಿರಲಿಲ್ಲ. ಹುಯ್ಯಲು ಹೋದ ಹುಡುಗಿಗೆ ಕೂಸನ್ನು ಕಾಲ ಮೇಲೆ ಮಲಗಿಸಿಕೊಳ್ಳಲೇ ಬರುತ್ತಿರಲಿಲ್ಲ. ಪುಟ್ಟಬಸಮ್ಮ ರಾಟೆ ನಿಲ್ಲಿಸಿ, "ಅಕ್ಕ, ಬಂದೆ ತಡಿ" ಎಂದು ಎದ್ದುಹೋದಳು. ಆಮೇಲೆ ಅವಳು ಕಂಡಿಕೆ ಸುತ್ತಿದ್ದು ಕಡಿಮೆ, ನೀರು ಹುಯ್ದದ್ದೇ ಹೆಚ್ಚು.

ನೀರಿನಷ್ಟೇ ಹೆಸರು ಅವಳ ಹೊಗೆಗೂ ಇತ್ತು. ಮೈ ಒರೆಸಿದ ಮೇಲೆ ಮಣ್ಣಿನ ಚಟ್ಟಿಯಲ್ಲಿ ಕೆಂಡ ಹಾಕಿ, ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆ, ಓಮ, ಒಣಗಿದ ಯಾವುದೋ ಸೊಪ್ಪು ಉದುರಿಸುತ್ತಿದ್ದಳು. ದಟ್ಟವಾಗಿ ಹೊಗೆ ಎದ್ದ ಮೇಲೆ ಕೂಸನ್ನು ಅಂಗೈ ಮೇಲೆ ಬೋರಲು ಹಿಡಿದು ಅದರಲ್ಲಿ ಆಡಿಸಿ, ತಲೆ ಆರಿಸಿ, ಬಾಣಂತಿಯ ಕೂದಲಿಗೂ ಹಿಡಿಯುತ್ತಿದ್ದಳು. ಶೀತ ಹತ್ತಿರ ಸುಳಿಯಬಾರದು, ದೃಷ್ಟಿ ತಾಗಬಾರದು. ಆ ಸೊಪ್ಪು ಯಾವುದು ಎಂದು ಬೀದಿಯ ಹೆಂಗಸರು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಬೆಳಗಿನ ಹೊತ್ತು ಆ ವಾಸನೆ ಬಂದರೆ ಯಾವ ಮನೆಯಲ್ಲಿ ಹೆರಿಗೆಯಾಗಿದೆ ಎಂದು ಗೊತ್ತಾಗುತ್ತಿತ್ತು.

ರೂಪ ಬೆಳೆದಳು. ಕುಂತೂರಿನ ಆಚೆಗಿನ ಒಂದು ಹಳ್ಳಿಯ ಮಾದೇಶನಿಗೆ ಕೊಟ್ಟರು. ಒಳ್ಳೆಯ ಹುಡುಗ, ಮಾತು ಕಡಿಮೆ. ಅದೇ ಊರಿನ ನಂಜಯ್ಯ ಎಂಬುವರ ಟ್ರಾಕ್ಟರ್ ಓಡಿಸುತ್ತಾನೆ. ನಂಜಯ್ಯನಿಗೆ ಕಬ್ಬಿನ ಗದ್ದೆಯೂ ಇದೆ, ಬೆಲ್ಲ ಕಾಯಿಸುವ ಆಲೆಮನೆಯೂ ಇದೆ. ಆಲೆಮನೆಯ ಹಿಂದಕ್ಕೇ ಮಾದೇಶನ ಮನೆ. ಅದು ಅವನ ಅಪ್ಪ ಕಟ್ಟಿದ್ದು, ಎರಡು ಕೋಣೆ, ಮುಂದೆ ಸಣ್ಣ ಜಗಲಿ.

ರೂಪಳಿಗೆ ಹೆಣ್ಣು ಕೂಸು ಹುಟ್ಟಿತು. ಬಾಣಂತನ ಕೊಳ್ಳೇಗಾಲದಲ್ಲಿ, ತಾಯಿ ಮನೆಯಲ್ಲೇ. ಕೂಸು ಕೆನ್ನೆ ತುಂಬಿಕೊಂಡು ಚೆನ್ನಾಗಿತ್ತು. ಸಂಭ್ರಮದಿಂದ ಗಂಡನ ಮನೆಗೆ ಕಳಿಸಿದರು. ತಿಂಗಳು ತುಂಬುವ ಮೊದಲೇ ಮಾದೇಶ ಮೋಟಾರ್ ಬೈಕಿನಲ್ಲಿ ತಾಯಿಮಗುವನ್ನು ಕರೆದುಕೊಂಡು ಬಂದ. ಕೂಸಿಗೆ ಗೊರಗೊರ ಕೆಮ್ಮು, ಭೇದಿ, ಮೊಣಕೈ ಮಡಿಕೆಯಲ್ಲೆಲ್ಲ ಕೆಂಪು ಗುಳ್ಳೆ. ಆಸ್ಪತ್ರೆಗೆ ತೋರಿಸಿದರು, ಔಷಧಿ ಕೊಟ್ಟರು, ಇಲ್ಲಿ ಗುಣವಾಯಿತು. ಮತ್ತೆ ಕಳಿಸಿದರು. ಮತ್ತೆ ಅದೇ ಕತೆ. ಡಾಕ್ಟರು, "ಮನೆ ಹತ್ತಿರ ಹೊಗೆ ಗಿಗೆ ಇದೆಯೇನಮ್ಮಾ? ಇದ್ದರೆ ಕೂಸನ್ನು ಅಲ್ಲಿ ಇಡಬೇಡಿ" ಎಂದರು.

ಹೊಗೆ ಇತ್ತು. ನಾನು ಚಿಕ್ಕಂದಿನಲ್ಲಿ ಕಂಡ ಆಲೆಮನೆಯಲ್ಲಿ ಕಬ್ಬು ಹಿಂಡಿ ಉಳಿದ ಸಿಪ್ಪೆಯನ್ನೇ ಒಣಗಿಸಿ ಒಲೆಗೆ ತುಂಬುತ್ತಿದ್ದರು. ಬೂದು ಬಣ್ಣದ ಹೊಗೆ, ಪಾಕದ ಸಿಹಿ ವಾಸನೆ. ಈಗ ನಂಜಯ್ಯ ಹಳೇ ಟೈರು, ಪ್ಲಾಸ್ಟಿಕ್ ಚಿಂದಿ, ಕರೆಂಟ್ ವೈರಿನ ಹೊರಸಿಪ್ಪೆ ಎಲ್ಲ ಲಾರಿಯಲ್ಲಿ ತರಿಸಿ ಸುರಿಸಿಕೊಳ್ಳುತ್ತಿದ್ದ. ಮಳೆಗಾಲದಲ್ಲಿ ಸಿಪ್ಪೆ ಒಣಗುವುದಿಲ್ಲ, ಟೈರಾದರೆ ಧಗಧಗ ಉರಿಯುತ್ತದೆ. ಆ ಕರೀ ಹೊಗೆ ಚಿಮಣಿಯಿಂದ ಇಳಿದು ನೇರ ಮಾದೇಶನ ಜಗಲಿಗೆ ಬರುತ್ತಿತ್ತು.

ಆದರೆ ಡಾಕ್ಟರು ಹೊಗೆ ಎಂದದ್ದು ತನ್ನ ಹೊಗೆಗೂ ತಾಗುವ ಮಾತು ಎಂದು ಪುಟ್ಟಬಸಮ್ಮನಿಗೆ ಹೊಳೆಯಲೇ ಇಲ್ಲ. ಅದು ಔಷಧಿಯಲ್ಲವೇ! ಕೂಸು ಹೀಗೆ ಎರಡನೆಯ ಸಲ ಬಂದಾಗ ಶೀತ ಎಳೆಯಲಿ ಎಂದು ಚಟ್ಟಿಗೆ ಇನ್ನೊಂದು ಹಿಡಿ ಸಾಂಬ್ರಾಣಿ ಜಾಸ್ತಿ ಹಾಕಿದಳು. ನಾನೂ ನನ್ನ ಮೊಮ್ಮಗಳು ರೋಜಾಳೂ ಕೂಸನ್ನು ನೋಡಲು ಹೋಗಿದ್ದೆವು. ಹೊಗೆಯೊಳಗೆ ಕೂಸು ಕೆಮ್ಮಿ ಕೆಮ್ಮಿ ತುಟಿ ನೀಲಿಯಾಯಿತು. ರೋಜಾ ಒಂದೇ ನೆಗೆತಕ್ಕೆ ಹೋಗಿ ಕೂಸನ್ನು ಕಿತ್ತುಕೊಂಡು ಹೊರಗೆ ಓಡಿದಳು.

ಈ ರೋಜಾಳ ಬಗ್ಗೆ ಹೇಳಬೇಕು. ಮೈಸೂರಿನಲ್ಲಿ ಓದುತ್ತಾ ಸಂಶೋಧನೆ ಮಾಡುತ್ತಾಳೆ. ಮೈಯನ್ನು ರೋಗದಿಂದ ಕಾಯುವ ಜೀವಕೋಶಗಳು ಹೇಗೆ ಬೆಳೆಯುತ್ತವೆ ಎಂದು ಇಲಿಗಳಲ್ಲಿ ನೋಡುವ ಕೆಲಸ. ಅದಕ್ಕೇ ಬೀದಿಯಲ್ಲಿ ಅವಳಿಗೆ ಇಲಿ ಡಾಕ್ಟರು ಎಂದು ಹೆಸರು. ಅವಳಿಗೂ ನೀರು ಹುಯ್ದವಳು ಪುಟ್ಟಬಸಮ್ಮನೇ.

ಕೂಸಿನ ಉಸಿರು ಹಿಡಿತಕ್ಕೆ ಬಂದ ಮೇಲೆ ಪುಟ್ಟಬಸಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಹೊರಗೆ ಬಂದಳು.

"ಏನವ್ವಾ ಇಲಿ ಡಾಕ್ಟ್ರೇ, ನಿನ್ನೂ ಇದೇ ಹೊಗೇಲಿ ಒಣಗ್ಸಿದ್ದು. ಕೆಟ್ಟೋದ್ಯಾ?"

"ನಾನು ಗಟ್ಟಿ ಕೂಸು, ತಡ್ಕಂಡೆ. ಇದು ಉಸುರಿಗೇ ಒದ್ದಾಡ್ತಾ ಅದೆ ನೋಡಜ್ಜಿ! ಅಲ್ಲೂ ಹೊಗೆ, ಇಲ್ಲೂ ಹೊಗೆ. ಎಲ್ಲಿಗೋಗ್ಬೇಕು ಅದು?"

"ಆ ಟೈರ್ ಹೊಗೆಗೂ ನನ್ನ ಸಾಂಬ್ರಾಣಿಗೂ ಒಂದೇ ಲೆಕ್ಕ ಹಾಕ್ದಲ್ಲ! ನಿಮ್ಮವ್ವುಂಗೆ ಬಾಣಂತನ ಮಾಡ್ದೋಳು ನಾನು."

ಮಾತು ಬೆಳೆಯುವುದು ಬೇಡ ಎಂದು ನಾನು ರೋಜಾಳ ಕೈ ಹಿಡಿದು ಮನೆಗೆ ಎಳೆದುಕೊಂಡು ಬಂದೆ. ಆಮೇಲೆ ಪುಟ್ಟಬಸಮ್ಮ ನಮ್ಮ ಮನೆಯ ಕಡೆ ಮುಖ ಹಾಕಲಿಲ್ಲ. ಎದುರಿಗೆ ಸಿಕ್ಕರೂ ಸೆರಗು ಸರಿಪಡಿಸಿಕೊಂಡು ಹೋಗುತ್ತಿದ್ದಳು. ಆದರೆ ಆ ದಿನಗಳಲ್ಲಿ ಅವಳ ಮನೆಯಿಂದ ಸಾಂಬ್ರಾಣಿ ವಾಸನೆಯೂ ಬರಲಿಲ್ಲ. ಅದನ್ನು ನಾನು ಗಮನಿಸಿದೆ.

ರೋಜಾ ಮೈಸೂರಿಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ಪುಟ್ಟಬಸಮ್ಮ ಸೀದಾ ಒಳಗೆ ಬಂದು ಮಣೆ ಎಳೆದುಕೊಂಡು ಕೂತಳು.

"ಹೇಳು. ನಂಗೆ ತಿಳಿಯಂಗೆ ಹೇಳು. ತಿಳೀದಿದ್ರೆ ನಾನಿಲ್ಲಿಂದ ಏಳಕ್ಕಿಲ್ಲ."

ರೋಜಾ ನನ್ನ ಮುಖ ನೋಡಿದಳು. ನಾನು ಮಾವಿನಕಾಯಿ ಹೆಚ್ಚುತ್ತಿದ್ದೆ. ಹೇಳೇ ಎಂದು ಕಣ್ಸನ್ನೆ ಮಾಡಿದೆ.

"ಅಜ್ಜೀ, ಈಗ ನಮ್ಮ ಮೈಯೊಳಗೆ ಕಾವಲಿನೋರು ಇರ್ತಾರೆ ಅಂತಿಟ್ಕೊ. ರೋಗ ಬಂದ್ರೆ ತಡೆಯೋರು. ಅವ್ರು ದಿನಾ ಹೊಸದಾಗಿ ಹುಟ್ತಾ ಇರ್ತಾರೆ. ಹುಟ್ಟಿದಾಗ ಅವ್ರಿಗೆ ಕಸುಬು ಗೊತ್ತಿರಲ್ಲ. ಒಬ್ಬ ಕರುಳು ಕಾಯ್ಬೇಕು, ಒಬ್ಬ ಚರ್ಮ ಕಾಯ್ಬೇಕು. ಒಬ್ಬ ಜಗಳಕ್ಕೆ ಓಗ್ಬೇಕು, ಇನ್ನೊಬ್ಬ ಜಗಳ ಬಿಡಿಸ್ಬೇಕು."

"ಜಗಳ ಬಿಡ್ಸೋನೂ ಇರ್ತಾನಾ ಒಳಗೆ?"

"ಇರ್ಲೇಬೇಕಲ್ವಾ. ಇಲ್ದಿದ್ರೆ ಸುಮ್‌ಸುಮ್ನೆ ಗುಳ್ಳೆ ಏಳದು, ಕರುಳು ಉರಿಯದು, ಎಲ್ಲ ಆಯ್ತದೆ."

"ಸರಿ. ಯಾರ್ಯಾರು ಏನು ಮಾಡ್ಬೇಕು ಅಂತ ಯಾರು ಹೇಳ್ಕೊಡ್ತಾರೆ?"

"ಹೇಳ್ಕೊಡೋರು ಬೇಕಾದಷ್ಟು ಜನ. ಅದ್ರಲ್ಲಿ ಒಂದನ್ನ ನಾವು ನೋಡ್ತಾ ಇರೋದು. ಆ ಕಾವಲಿನ ಕೋಶದೊಳಗೆ ಒಂದು ಕೈ ಅದೆ ಅನ್ಕೊ. ರಿಸೆಪ್ಟರ್ ಅಂತೀವಿ. ಹೊರಗಡೆಯಿಂದ ಏನು ಬರ್ತದೋ ಅದನ್ನ ಮುಟ್ಟಿ ನೋಡ್ತದೆ. ನಾವು ತಿಂದದ್ದು, ಉಸಿರಲ್ಲಿ ಎಳ್ಕಂಡದ್ದು, ಹೊಟ್ಟೆ ಒಳಗಿನ ಕಣ್ಣಿಗೆ ಕಾಣದ ಹುಳ ಮಾಡಿದ್ದು, ಎಲ್ಲ. ಮುಟ್ಟಿ ನೋಡಿ, ಹೊರಗೆ ಹಿಂಗದೆ, ನೀನು ಹಿಂಗೆ ಬೆಳಿ ಅಂತ ಕೋಶಕ್ಕೆ ಸುದ್ದಿ ಕೊಡ್ತದೆ. ಮೂಲಂಗಿ ಸೊಪ್ಪು, ಎಲೆಕೋಸು ಇವ್ಗಳಲ್ಲಿ ಇರೋ ಒಂದು ಸತ್ವ ಬಂದು ಆ ಕೈ ಹಿಡೀತದೆ. ಸುದ್ದಿ ಕೊಟ್ಟು ಬಿಟ್ಟು ಓಯ್ತದೆ. ಕರುಳು ಕಾಯೋರು ಅದ್ರಿಂದ ನೆಲೆ ನಿಲ್ತಾರೆ. ಆ ಸತ್ವ ಸಿಗದ ಇಲಿ ಮರಿಗಳ ಕರುಳಲ್ಲಿ ಕಾವಲಿನೋರು ಕಮ್ಮಿ ಆಗಿದ್ರು."

ಪುಟ್ಟಬಸಮ್ಮ ತಟ್ಟನೆ ನನ್ನ ಕಡೆ ತಿರುಗಿದಳು. "ಅಕ್ಕ, ನಾವು ಬಾಣಂತೀರಿಗೆ ಮೂಲಂಗಿ ಸೊಪ್ಪು ಮುಟ್ಟುಸ್ತಾ ಇರ್ಲಿಲ್ಲ ಅಲ್ವಾ?"

"ವಾಯು ಅಂತ" ಎಂದೆ.

"ಟೈರ್ ಹೊಗೆ?" ಎಂದು ಅವಳು ರೋಜಾಳನ್ನು ಕೇಳಿದಳು.

"ಪ್ಲಾಸ್ಟಿಕ್ಕು, ಟೈರು ಸುಟ್ರೆ ಬರೋ ವಿಷಾನೂ ಅದೇ ಕೈಯನ್ನೇ ಹಿಡಿಯದು. ಆದ್ರೆ ಅದ್ರಲ್ಲಿ ಕೆಲವು ಹಿಡಿದ್ರೆ ಬಿಡೋದೇ ಇಲ್ಲ. ಮೈಯಲ್ಲೇ ಕುಂತ್ಕಂಡು ದಿನಾ ತಪ್ಪು ಸುದ್ದಿ ಕೊಡ್ತಾ ಇರ್ತವೆ."

"ಬಾಣಂತಿ ನೋಡಕ್ಕೆ ಬಂದು ಎದ್ದೋಗ್ದಿರೋ ನೆಂಟ್ರಂಗೆ."

"ಹೂಂ, ಹಂಗೇ!" ರೋಜಾ ನಕ್ಕುಬಿಟ್ಟಳು.

ಪುಟ್ಟಬಸಮ್ಮ ನಗಲಿಲ್ಲ. "ನನ್ನ ಸಾಂಬ್ರಾಣಿ?"

ರೋಜಾ ನಗು ನಿಲ್ಲಿಸಿ ಹೇಳಿದಳು: "ಅದನ್ನ ನಾನು ಅಳೆದು ನೋಡಿಲ್ಲ ಅಜ್ಜಿ. ಟೈರಿನಷ್ಟು ಕೆಟ್ಟದಲ್ಲ. ಆದ್ರೆ ಏನು ಸುಟ್ರೂ ಆ ಜಾತಿ ವಿಷ ವಸಿ ಬಂದೇ ಬರ್ತದೆ. ಎಳೇ ಕೂಸಿನ ಶ್ವಾಸಕ್ಕೆ ಒಳ್ಳೇದಂತೂ ಅಲ್ಲ. ಇನ್ನೊಂದು ಮಾತು. ನಾವು ನೋಡಿರೋದು ಇಲಿಗಳಲ್ಲಿ. ನಿನ್ನ ಮೊಮ್ಮಗಳ ಗುಳ್ಳೆ ಇದ್ರಿಂದಾನೇ ಬಂತು ಅಂತ ನಾನು ಆಣೆ ಇಟ್ಟು ಹೇಳಕ್ಕಾಗಲ್ಲ. ಹೊಗೆಯಿಂದ ದೂರ ಇಡ್ಬೇಕು ಅನ್ನೋದಂತೂ ಸತ್ಯ. ರೂಪಕ್ಕನ್ನ ಇಲ್ಲೇ ಇಟ್ಕೊಬುಡಿ."

"ಎಷ್ಟು ದಿನ?"

"ಕೂಸು ದೊಡ್ಡದಾಗಗಂಟ."

"ಅಪ್ಪನ್ನ ಬಿಟ್ಟು, ಮನೇನ ಬಿಟ್ಟು? ಟೈರಿಗೆ ಜಾಗ ಅದೆ, ನನ್ನ ಮೊಮ್ಮಗಳಿಗಿಲ್ವಾ?" ಅವಳು ಮೊಣಕಾಲ ಮೇಲೆ ಕೈಯೂರಿ ಎದ್ದಳು. "ಕೂಸು ಅದ್ರ ಮನೇಲೇ ಬೆಳೀಬೇಕು. ಹೊಗೆ ಎದ್ದೋಗ್ಲಿ. ಅಕ್ಕ, ನಾಳೀಕೆ ಬಸ್ಸಿಗೆ ರೆಡಿಯಾಗು."

ನಾನು ಎದ್ದು ಚೀಲ ಹುಡುಕಿದೆ. ಅವಳ ದನಿ ನನಗೆ ಗೊತ್ತು.

ಮಾರನೆಯ ದಿನ ನಾವು ಹೋದಾಗ ಆಲೆಮನೆಯಲ್ಲಿ ಪಾಕ ಕುದಿಯುತ್ತಿತ್ತು. ನಂಜಯ್ಯ ಅಗಲ ಮುಖದ, ನಗುಮೊಗದ ಮನುಷ್ಯ. "ಬನ್ನಿ ಬಸಕ್ಕ, ಬಿಸಿ ಬೆಲ್ಲ ತಿನ್ನಿ. ನಾನೇ ಯೋಳಿ ಕಳಿಸ್ಬೇಕು ಅಂತಿದ್ದೆ" ಎಂದ. ಅವನ ಸೊಸೆ ಮಧು ತುಂಬು ಬಸುರಿ. ಅವಳಿಗೆ ತಾಯಿ ಇಲ್ಲ, ಹಾಗಾಗಿ ಬಾಣಂತನ ಇಲ್ಲೇ. ಅತ್ತೆಗೆ ಸೊಂಟನೋವು, ಕೂತು ನೀರು ಹುಯ್ಯಲು ಆಗದು. ಪುಟ್ಟಬಸಮ್ಮನೇ ಬಂದು ಇದ್ದು ಮಾಡಿಕೊಡಬೇಕು ಎಂದು ಅವನ ಆಸೆ.

ಪುಟ್ಟಬಸಮ್ಮ ಬೆಲ್ಲ ಮುಟ್ಟಲಿಲ್ಲ. "ಬತ್ತೀನಿ. ಆದ್ರೆ ಒಲೇಗೆ ಟೈರ್ ಆಕೋದು ನಿಲ್ಬೇಕು. ಆ ಹೊಗೆ ಬರೋ ಮನೇಲಿ ನಾನು ಕೂಸಿಗೆ ನೀರುಯ್ಯಕ್ಕಿಲ್ಲ. ನನ್ನ ಮೊಮ್ಮಗಳ ಉಸುರು ಗೊರಗೊರ ಅಂತದೆ. ನಾಳೆ ನಿಮ್ಮ ಮೊಮ್ಮಗಂದೂ ಅನ್ತದೆ."

ಒಲೆಯ ಬಾಯಿಯ ಹತ್ತಿರ ನಿಂತಿದ್ದ ಆಳುಗಳು ಕೆಲಸ ನಿಲ್ಲಿಸಿ ನೋಡಿದರು. ನಂಜಯ್ಯ ನಗುತ್ತಲೇ ಹೇಳಿದ: "ಹೊಗೆ ಅಂತ ನೀವು ಯೋಳ್ತಿದ್ದೀರಲ್ಲ ಬಸಕ್ಕ! ನನ್ನ ಮಗ ಹುಟ್ದಾಗ ಕೊಳ್ಳೇಗಾಲ್ದಲ್ಲಿ ಅವನಜ್ಜಿ ಮನೇಲಿ ನೀವೇ ಅಲ್ವಾ ಹೊಗೆ ಆಕಿದ್ದು? ಮನೆ ತುಂಬ ಕಣ್ಣು ಕಾಣ್ತಿರ್ಲಿಲ್ಲ. ಈ ತಾಲ್ಲೂಕಿನ ಕೂಸುಗಳನ್ನೆಲ್ಲ ಹೊಗೇಲಿ ಆಡ್ಸಿ, ಈಗ ನನ್ನ ಒಲೆ ಬಾಯಿ ಮುಚ್ಚಿ ಅಂತೀರಾ?"

ಆಳುಗಳು ಗೊಳ್ಳೆಂದು ನಕ್ಕರು. ಇದಕ್ಕೆ ಏನು ಉತ್ತರ ಕೊಡುತ್ತಾಳೆ ಎಂದು ಅವಳ ಮುಖ ನೋಡಿದೆ.

ಪುಟ್ಟಬಸಮ್ಮ ನಗು ನಿಲ್ಲುವವರೆಗೂ ಕಾದಳು. "ದಿಟ. ಆಕಿದ್ದೆ. ಇವತ್ತಿಂದ ಆಕಕ್ಕಿಲ್ಲ. ಯಾರ ಮನೇಲೂ ಆಕಕ್ಕಿಲ್ಲ. ಇಷ್ಟು ಜನದ ಮುಂದೆ ಯೋಳ್ತಾ ಇವ್ನಿ. ನಂದು ನಾನು ಬುಟ್ಟೆ ನಂಜಯ್ಯಣ್ಣ. ನಿಂದು ನೀನು ಬುಡು."

ಹೊರಗೆ ಮಾದೇಶ ಟ್ರಾಕ್ಟರಿಗೆ ಒರಗಿ ನಿಂತಿದ್ದ. ಮುಖ ಬಾಡಿತ್ತು. "ಅತ್ತೆ, ನೀವು ಬಸ್ ಹತ್ಕಂಡು ಓಯ್ತೀರಿ. ನಾಳೆ ಬೆಳಿಗ್ಗೆ ಅವ್ರ ಮುಂದೆ ನಿಂತ್ಕೊಬೇಕಾದೋನು ನಾನು."

"ನಿಂತ್ಕೊ. ನಿನ್ನ ಮಗಳು ಅಲ್ಲಿ ಅಪ್ಪಾ ಅಂತ ಗೋಡೆ ನೋಡ್ತಾ ಅದೆ."

ಮಾದೇಶ ಬಸ್ಸಿನವರೆಗೂ ನಮ್ಮ ಜೊತೆ ನಡೆದು ಬಂದ, ಅಷ್ಟೇ.

ಹೊಗೆ ಹಾಕುವುದನ್ನು ಬಿಟ್ಟದ್ದಕ್ಕೆ ನಮ್ಮ ಬೀದಿಯಲ್ಲಿ ಅವಳು ಅನ್ನಿಸಿಕೊಂಡದ್ದು ಸ್ವಲ್ಪವಲ್ಲ. ಹೊಗೆ ಹಾಕದ ನೀರು ಯಾವ ಸೀಮೆ ನೀರು ಎಂದು ಕೆಲವರು ಬೇರೆಯವರನ್ನು ಕರೆಸಿಕೊಂಡರು. ಅವಳು ಯಾರ ಮನೆಯ ಬಾಗಿಲಿಗೂ ಹೋಗಿ ಗೋಗರೆಯಲಿಲ್ಲ. ಕರೆದವರ ಮನೆಯಲ್ಲಿ ಒಣ ಪಂಚೆಯಿಂದ ಕೂಸಿನ ತಲೆ ಚೆನ್ನಾಗಿ ಒರೆಸಿ, ಎಳೆ ಬಿಸಿಲಿಗೆ ಹಿಡಿದು ಕೂರುತ್ತಿದ್ದಳು. ರೂಪಳಿಗೆ ಮೂಲಂಗಿ ಸೊಪ್ಪಿನ ಸಾರು ಮಾಡಿ ಬಡಿಸಿದಳು. "ವಾಯು ಆದ್ರೆ ಆಗ್ಲಿ, ನಾನೇ ಹೊಟ್ಟೆ ನೀವ್ತೀನಿ" ಎನ್ನುತ್ತಿದ್ದಳು.

ಮಧು ಹೆತ್ತಳು. ಗಂಡು ಕೂಸು. ನಂಜಯ್ಯ ಫೋನ್ ಮಾಡಿ, "ಟೈರ್ ಎಲ್ಲ ತೆಗೆಸ್ಬುಟ್ಟಿದ್ದೀನಿ ಬಸಕ್ಕ, ಬಂದು ನೋಡಿ. ಬರೀ ಸಿಪ್ಪೆ" ಎಂದ. ಪುಟ್ಟಬಸಮ್ಮನ ಕಣ್ಣಲ್ಲಿ ನೀರು ಬಂತು. ಇನ್ನು ರೂಪಳನ್ನು ಕಳಿಸಬಹುದು ಎಂದು ಅವಳ ಬಟ್ಟೆಗಳನ್ನೂ ಗಂಟು ಕಟ್ಟಿಸಿದಳು. ಮೊದಲು ತಾನು ನೋಡಿ ಬರುತ್ತೇನೆ ಎಂದು ನನ್ನನ್ನೂ ಕರೆದುಕೊಂಡು ಹೊರಟಳು.

ನಿಜಕ್ಕೂ ಆಲೆಮನೆಯ ಮುಂದೆ ಟೈರಿನ ರಾಶಿ ಇರಲಿಲ್ಲ. ಒಲೆಯ ಬಾಯಿಯ ಹತ್ತಿರ ಒಣ ಸಿಪ್ಪೆ ಗುಡ್ಡೆ ಹಾಕಿದ್ದರು. ಒಲೆ ಹತ್ತಿಸಿರಲಿಲ್ಲ. ಪುಟ್ಟಬಸಮ್ಮ ತೃಪ್ತಿಯಿಂದ ತಲೆಯಾಡಿಸಿ ಬಾಣಂತಿ ಮನೆಗೆ ಹೋದಳು. ಅಂಗೈ ಉಜ್ಜಿ, ಎಣ್ಣೆ ಹಚ್ಚಿ, ಕೂಸಿಗೆ ನೀರು ಹುಯ್ದಳು. ಒರೆಸಲು ಬಟ್ಟೆ ಕೇಳಿದಳು. ಹಿತ್ತಿಲಿನ ತಂತಿಯ ಮೇಲೆ ಒಣಗಿದ್ದ ಬಿಳಿ ಪಂಚೆ ತುಂಡನ್ನು ನಾನು ತಂದು ಕೊಟ್ಟೆ.

ಅವಳು ಅದನ್ನು ಕೂಸಿನ ಮೈಗೆ ಮುಟ್ಟಿಸುವ ಮೊದಲು ಬಿಡಿಸಿ ಕೊಡವಿದಳು. ಬಟ್ಟೆಯ ತುಂಬ ಸಣ್ಣ ಸಣ್ಣ ಕರೀ ಚುಕ್ಕೆ. ಒಂದನ್ನು ಹೆಬ್ಬೆರಳಿನಿಂದ ಉಜ್ಜಿದಳು. ಅದು ಉದುರಲಿಲ್ಲ, ಕಾಡಿಗೆಯ ಹಾಗೆ ಎಳೆದುಕೊಂಡಿತು. ಬೆರಳನ್ನು ಮೂಗಿಗೆ ಹಿಡಿದಳು.

"ಅಕ್ಕ, ನಿನ್ನ ಸೆರಗು ಕೊಡು" ಎಂದಳು. ನನ್ನ ಸೆರಗಿನಿಂದಲೇ ಕೂಸನ್ನು ಒರೆಸಿ ಮಧುವಿನ ಕೈಗೆ ಕೊಟ್ಟಳು. ಆಮೇಲೆ ಕೇಳಿದಳು, "ಈ ಬಟ್ಟೆ ಯಾವತ್ತು ಒಗ್ದಿದ್ದು ಮಗಾ?"

"ನೆನ್ನೆ ಕಣಜ್ಜಿ" ಎಂದಳು ಮಧು.

"ಸಿಪ್ಪೆ ಮಸಿ ಕೊಡವಿದ್ರೆ ಓಯ್ತದೆ. ಇದು ಟೈರ್ ಮಸಿ."

ಮಧು ತಲೆ ತಗ್ಗಿಸಿದಳು. ಹಿತ್ತಿಲ ಗೋಡೆಯ ಆಚೆ ಟಾರ್ಪಾಲಿನ ಕೆಳಗೆ ಎಲ್ಲ ಇಟ್ಟಿದ್ದಾರೆ, ಇವತ್ತು ನೀವು ಬರುತ್ತೀರಿ ಎಂದು ಒಲೆ ಆರಿಸಿದ್ದಾರೆ ಎಂದು ಮೆಲ್ಲಗೆ ಹೇಳಿದಳು. ಪುಟ್ಟಬಸಮ್ಮ ಹೋಗಿ ಟಾರ್ಪಾಲು ಎತ್ತಿ ನೋಡಿ ಬಂದಳು. ಬರುವಾಗ ಅವಳ ಮುಖ ನೋಡಿ ನನಗೆ ಭಯವಾಯಿತು. ಕೂಸು ತಪ್ಪು ಮಾಡಿಲ್ಲ, ಅದನ್ನು ಬಿಟ್ಟು ಹೋಗಲು ಅವಳಿಗೆ ಮನಸ್ಸು ಬಾರದು. ಇದ್ದರೆ ಆಡಿದ ಮಾತು ಹೋಯಿತು, ರೂಪಳ ಕೂಸಿನ ದಾರಿಯೂ ಮುಚ್ಚಿತು. ಬಚ್ಚಲ ಕಟ್ಟೆಯ ಮೇಲೆ ಕೂತು ಹೆಬ್ಬೆರಳಿನ ಮಸಿ ತೊಳೆದುಕೊಂಡಳು.

"ಮಧು, ನೀರುಯ್ಯದು ಬುಡಕ್ಕಿಲ್ಲ ನಾನು. ಆದ್ರೆ ಇಲ್ಲಿ ಉಯ್ಯಕ್ಕಿಲ್ಲ. ನಮ್ಮನೆ ಚಿಕ್ಕದು. ಒಂದು ಕಡೆ ರೂಪ ಮಲಗ್ತಾಳೆ, ಒಂದು ಕಡೆ ನೀನು ಮಲಿಕ್ಕೊ. ನಿಮ್ಮತ್ತೇನ ಕೇಳು, ಗಂಡನ್ನ ಕೇಳು, ಆಮೇಕೆ ಯೋಳು. ನಾನು ಬಲವಂತ ಮಾಡಕ್ಕಿಲ್ಲ."

ಮಧು ಯಾರನ್ನೂ ಕೇಳಲು ಹೋಗಲಿಲ್ಲ. ಅತ್ತೆಯೇ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಸೊಂಟ ಹಿಡಿದುಕೊಂಡೇ ಒಳಗೆ ಬಂದು ಸೊಸೆಯ ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದಳು. "ಓಗವ್ವ. ನಾನು ವರ್ಸದಿಂದ ಕೆಮ್ತಾ ಇವ್ನಿ, ನನ್ನ ಮಾತು ಯಾರು ಕೇಳುದ್ರು!"

ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಮಾದೇಶ ಅಷ್ಟರಲ್ಲಿ ನಂಜಯ್ಯನ ಕಾರನ್ನೇ ತಂದು ಬಾಗಿಲಿಗೆ ನಿಲ್ಲಿಸಿದ್ದ. ತೊಳೆಯುತ್ತಿದ್ದ ಬೆಲ್ಲ ಕೆದಕುವ ಹುಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ನಂಜಯ್ಯ ಓಡಿ ಬಂದ.

"ಲೇ ಮಾದೇಶ, ಯಾರ್ನ ಕೇಳ್ಬುಟ್ಟು ಗಾಡಿ ತಗ್ದೆ?"

"ಬಾಣಂತಿ ಸಾ. ಬಸ್ಸಲ್ಲಿ ಕಳ್ಸಕ್ಕಾಯ್ತದಾ?" ಎಂದ ಮಾದೇಶ. ಕಾರಿನ ಬಾಗಿಲು ತೆಗೆದು ಹಿಡಿದ. "ನನ್ನ ಕೂಸೂ ಅಲ್ಲೇ ಅದೆ ಸಾ. ನಾಳೆಯಿಂದ ಕೆಲ್ಸಕ್ಕೆ ಬ್ಯಾಡ ಅಂದ್ರೆ ಬ್ಯಾಡ ಅನ್ನಿ. ಇವರನ್ನ ಬುಟ್ಟು ಬತ್ತೀನಿ."

ನಂಜಯ್ಯ ಹೆಂಡತಿಯ ಕಡೆ ನೋಡಿದ. ಅವಳು ಮುಖ ತಿರುಗಿಸಿಕೊಂಡಳು. ಕಾರು ಹೊರಟಾಗ ಪುಟ್ಟಬಸಮ್ಮ ಕಿಟಕಿಯಿಂದ ಕೂಗಿದಳು, "ಯಾವಾಗ ಬೇಕಾದ್ರೂ ಬಂದು ಮೊಮ್ಮಗನ್ನ ನೋಡಿ ನಂಜಯ್ಯಣ್ಣ. ಕೈ ಕಾಲು ತೊಳ್ಕಂಡು ಬನ್ನಿ, ಅಷ್ಟೇಯ."

ಆ ಸಣ್ಣ ಮನೆಯಲ್ಲಿ ಇಬ್ಬರು ತಾಯಂದಿರು, ಎರಡು ಕೂಸು. ಒಂದು ಅತ್ತರೆ ಇನ್ನೊಂದು ಜೊತೆಗೂಡುತ್ತಿತ್ತು. ಪುಟ್ಟಬಸಮ್ಮ ನಮ್ಮ ಮನೆಗೆ ಬಂದು ಮಲಗುತ್ತಿದ್ದಳು. ನಂಜಯ್ಯ ಮೊದಲು ಮಗನನ್ನು ಕಳಿಸಿದ, ಆಮೇಲೆ ತಾನೇ ಬಂದ. ನಮ್ಮ ಬೀದಿಯ ಇಕ್ಕಟ್ಟಿನಲ್ಲಿ, ಮೆಟ್ಟಿಲ ಮೇಲೆ ಮುದುರಿ ಕೂತು, ತೊಡೆಯ ಮೇಲೆ ಮೊಮ್ಮಗನನ್ನು ಮಲಗಿಸಿಕೊಂಡ. ಆಚೀಚೆ ಹೋಗುವವರೆಲ್ಲ, "ಏನು ಸಾ, ಮನೇಲಿ ಜಾಗ ಇಲ್ವಾ?" ಎಂದು ಕೇಳುತ್ತಿದ್ದರು. ಪುಟ್ಟಬಸಮ್ಮ ಕಾಫಿ ತಂದುಕೊಟ್ಟಳು. ಟೈರಿನ ಮಾತು ಎತ್ತಲಿಲ್ಲ. ಅವನೇ ಎತ್ತಿದ.

"ಮಳೇಲಿ ಸಿಪ್ಪೆ ನೆಂದ್ಬುಡ್ತದೆ ಬಸಕ್ಕ. ಪಾಕ ಅರ್ಧಕ್ಕೆ ನಿಂತ್ರೆ ಎಲ್ಲ ಚೆಲ್ಬೇಕು. ನನ್ನ ಕಷ್ಟ ನಿಮಗೆ ಗೊತ್ತಿಲ್ಲ."

"ಗೊತ್ತಿಲ್ಲ. ಬೆಲ್ಲ ಕಾಯ್ಸೋದು ನನ್ನ ಕಸುಬಲ್ಲ. ಸಿಪ್ಪೆ ನೆನೀದಂಗೆ ಏನು ಮಾಡ್ಬೇಕೋ ನಿಮ್ಗೇ ಗೊತ್ತು. ಅದು ಆಗಗಂಟ ಮಧು ನಮ್ಮನೇಲಿ ಚೆನ್ನಾಗಿರ್ತಾಳೆ."

ನಂಜಯ್ಯ ಕಾಫಿ ಲೋಟ ಕೆಳಗಿಟ್ಟು ಮೊಮ್ಮಗನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ.

ಮುಂದಿನ ತಿಂಗಳು ಆಲೆಮನೆಯ ಪಕ್ಕದಲ್ಲಿ ಸಿಪ್ಪೆ ಒಣಗಿಸಲು ತಗಡಿನ ಶೆಡ್ಡು ಎದ್ದಿತು. ಟಾರ್ಪಾಲಿನ ಕೆಳಗಿದ್ದದ್ದನ್ನೆಲ್ಲ ಮಾದೇಶನೇ ಟ್ರಾಕ್ಟರಿಗೆ ತುಂಬಿ ಗುಜರಿಯವನಿಗೆ ಹಿಂದಿರುಗಿಸಿ ಬಂದ. ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಈ ಸಲ ಪುಟ್ಟಬಸಮ್ಮ ಫೋನಿನ ಮಾತು ನಂಬಲಿಲ್ಲ. ಹೇಳದೆ ಕೇಳದೆ ಒಂದು ದಿನ ಹೋಗಿ ಒಲೆಯ ಬಾಯಿಯ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ಒಲೆ ಹತ್ತಿಸಿದಾಗಿನಿಂದ ಪಾಕ ಅಚ್ಚಿಗೆ ಹುಯ್ಯುವವರೆಗೂ ಏಳಲಿಲ್ಲ. ಆಳುಗಳು, "ಅಜ್ಜೀ, ನೀನೇ ಸಿಪ್ಪೆ ಆಕ್ಬುಡು" ಎಂದು ಕೆಣಕಿದರೆ, "ಕೂಲಿ ಕೊಡ್ಸುಲಾ, ಆಕ್ತೀನಿ" ಎನ್ನುತ್ತಿದ್ದಳಂತೆ.

ಮಧು ತನ್ನ ಮನೆಗೆ ಹೋದಳು. ಅದಾದ ಮೇಲೆ ರೂಪ ಕೂಸನ್ನು ಕರೆದುಕೊಂಡು ಹೋದಳು. ಒಂದು ವಾರ ಪುಟ್ಟಬಸಮ್ಮ ಊಟ ಸರಿಯಾಗಿ ಮಾಡಲಿಲ್ಲ. ಫೋನು ಗುಯ್ಯೆಂದರೆ ಬೆಚ್ಚುತ್ತಿದ್ದಳು. ವಾರ ಕಳೆಯಿತು, ತಿಂಗಳು ಕಳೆಯಿತು, ಮಳೆಗಾಲವೂ ಕಳೆಯಿತು. ನಡುವೆ ಒಂದು ಸಲ ನೆಗಡಿ ಬಂದು ತಾನೇ ಹೋಯಿತು. ಮೊಣಕೈ ಮಡಿಕೆಯ ಗುಳ್ಳೆ ಮಾಸಿತು. ಕೂಸು ಆ ಜಗಲಿಯ ಮೇಲೆಯೇ ಅಪ್ಪನ ಬೆರಳು ಹಿಡಿದು ಮೊದಲ ಹೆಜ್ಜೆ ಇಟ್ಟಿತು. ಅದನ್ನು ಮಾದೇಶ ಫೋನಿನಲ್ಲಿ ವಿಡಿಯೋ ಮಾಡಿ ಕಳಿಸಿದ. ಪುಟ್ಟಬಸಮ್ಮ ಅದನ್ನು ಬೀದಿಯ ಪ್ರತಿ ಮನೆಗೂ ಹೋಗಿ ತೋರಿಸಿದಳು.

ರೋಜಾ ರಜೆಗೆ ಬಂದಾಗ ಅವಳಿಗೂ ತೋರಿಸಿದಳು. "ನೋಡ್ದಾ? ಒಳಗಿನ ಕಾವಲಿನೋರು ಸರಿಯಾಗಿ ಕಸುಬು ಕಲ್ತವ್ರೆ."

"ಕಲ್ತವ್ರೋ ಇಲ್ವೋ ರಕ್ತ ತೆಗೆದು ನೋಡ್ಬೇಕಜ್ಜಿ, ಹಂಗೆಲ್ಲ ಹೇಳಕ್ಕಾಗಲ್ಲ" ಎಂದಳು ರೋಜಾ. 

"ನೀನು ನಿನ್ನ ಇಲೀದು ನೋಡ್ಕೊ. ಸೂಜಿ ತಕಂಡು ನನ್ನ ಮೊಮ್ಮಗಳ ಹತ್ರ ಬಂದ್ಗಿಂದಿಯಾ!"

ಹಾಗೆನ್ನುತ್ತಲೇ ಅವಳು ಕಾಲಿಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ಎಲ್ಲಿಗೆ ಎಂದು ಕೇಳಿದೆ. ನಂಜಯ್ಯನ ಊರಿನ ಪಕ್ಕದ ಹಳ್ಳಿಯಲ್ಲೂ ಒಂದು ಆಲೆಮನೆಯಿದೆಯಂತೆ, ಅಲ್ಲೂ ಟೈರು ಸುಡುತ್ತಾರಂತೆ.

"ಅಲ್ಲಿ ನಿಂಗೆ ಯಾರೇ ಇದ್ದಾರೆ?" ಎಂದೆ.

"ಯಾರೂ ಇಲ್ಲ. ಆಲೆಮನೆಯೋನ ಮಗಳು ಹೆರಿಗೆಗೆ ಬಂದವ್ಳಂತೆ ಕಣಕ್ಕ" ಎಂದಳು ಪುಟ್ಟಬಸಮ್ಮ. "ನೀರುಯ್ಯಕ್ಕೆ ಯೋಳಿ ಕಳ್ಸವ್ರೆ. ಬಾ, ಬಸ್ಸು ಓಗ್ಬುಡ್ತದೆ."